ಅನ್ನನಾಳದ ಕ್ಯಾನ್ಸರ್: ರಕ್ತದ ರಿಪೋರ್ಟನ್ನು ನಾನು ಓದುವ ರೀತಿ

ಮಂಗಳೂರಿನಲ್ಲಿ ನನ್ನ ಹತ್ತಿರ ಬರುವವರು ಹೆಚ್ಚಾಗಿ ಹೇಳುವುದು ಒಂದೇ: "ಅನ್ನ ಬಿಡಿ ಡಾಕ್ಟ್ರೇ, ಈಗ ಗಂಜಿಯೂ ಇಳಿಯುವುದಿಲ್ಲ." ಎಂಡೋಸ್ಕೋಪಿ, ಬಯಾಪ್ಸಿ ಮುಗಿದು ಪೆಟ್ ಸ್ಕ್ಯಾನ್ ಖರ್ಚಿನ ಮಾತು ಬಂದಾಗ ಮನೆಯವರು ಕೇಳುತ್ತಾರೆ, "ಎಷ್ಟು ಹರಡಿದೆ ಅಂತ ರಕ್ತದಲ್ಲೇ ಗೊತ್ತಾಗುವುದಿಲ್ವಾ?"

ಗೊತ್ತಾಗುವುದಿಲ್ಲ. ಆದರೂ ಚಿಕಿತ್ಸೆಗೆ ಮೊದಲು ರಕ್ತ ತೆಗೆಸುತ್ತೇನೆ.

ನಮ್ಮ ಕಡೆ ಸ್ಕ್ವಾಮಸ್ ಬಗೆಯ, ಅಂದರೆ ಒಳಪದರದ ಚಪ್ಪಟೆ ಕೋಶಗಳಿಂದ ಹುಟ್ಟುವ ಗಡ್ಡೆಯೇ ಜಾಸ್ತಿ. ಬೀಡಿ, ಹೊಗೆಸೊಪ್ಪು, ಎಲೆಅಡಿಕೆ, ಕುಡಿತ ಎಲ್ಲದರ ಪಾಲೂ ಇದೆ. ಅದಕ್ಕೆ ಎಸ್‌ಸಿಸಿ ಆಂಟಿಜೆನ್ ಮತ್ತು ಸೈಫ್ರಾ 21-1 ಬರೆಯುತ್ತೇನೆ. ಇವು ಗಡ್ಡೆಯಿಂದ ರಕ್ತಕ್ಕೆ ಸೇರುವ ಪ್ರೋಟೀನ್‌ಗಳು, ಮಾರ್ಕರ್ ಅನ್ನುತ್ತೇವೆ. ಕೆಳತುದಿಯ ಅಡಿನೋಕಾರ್ಸಿನೋಮಾ (ಗ್ರಂಥಿ ಕೋಶಗಳ ಕ್ಯಾನ್ಸರ್) ಆದರೆ ಸಿಇಎ, ಸಿಎ 19-9 ಎಂಬ ಮಾರ್ಕರ್‌ಗಳು. ಬೀಡಿ ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಸಿಇಎ ಸ್ವಲ್ಪ ಮೇಲಿರುತ್ತದೆ, ಅದಕ್ಕೆ ಹೆದರಬೇಕಿಲ್ಲ.

ಇದರ ಜೊತೆ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಇಲ್ಲದಿದ್ದರೆ ರಿಪೋರ್ಟ್ ಮುಟ್ಟುವುದೇ ಇಲ್ಲ. ಕಾರ್ಕಳ ಕಡೆಯ ಒಬ್ಬ ಅಜ್ಜನ ಎಸ್‌ಸಿಸಿ ತುಂಬಾ ಮೇಲಿತ್ತು. ಮೊಬೈಲಿನಲ್ಲಿ ಹುಡುಕಿ ನೋಡಿದ ಮಗ, "ಎಲ್ಲಾ ಕಡೆ ಹೋಗಿದೆ, ಇನ್ನು ಮನೆಗೆ ಕರೆದುಕೊಂಡು ಹೋಗ್ತೇವೆ" ಅಂತ ನಿಂತುಬಿಟ್ಟ. ಕ್ರಿಯಾಟಿನಿನ್ ನೋಡಿದರೆ ಅದೂ ಮೇಲೆ. ಸಕ್ಕರೆ ಕಾಯಿಲೆಯಿಂದ ಅಜ್ಜನ ಕಿಡ್ನಿ ಮೊದಲೇ ಸೋತಿತ್ತು. ಕಿಡ್ನಿ ಕೆಟ್ಟರೆ ಎಸ್‌ಸಿಸಿ, ಸೈಫ್ರಾ ಎರಡೂ ಏರುತ್ತವೆ. ಸ್ಕ್ಯಾನ್‌ನಲ್ಲಿ ಗಡ್ಡೆ ಅನ್ನನಾಳದ ನಡುಭಾಗದಲ್ಲೇ ಇತ್ತು, ಬೇರೆಲ್ಲೂ ಕಾಣಲಿಲ್ಲ. ಸೋರಿಯಾಸಿಸ್‌ನಂಥ ಚರ್ಮದ ಕಾಯಿಲೆ ಇದ್ದರೂ ಎಸ್‌ಸಿಸಿ ಹೀಗೇ ಆಟ ಆಡಿಸುತ್ತದೆ. ಅಷ್ಟೇ ಯಾಕೆ, ಸ್ಯಾಂಪಲ್‌ಗೆ ಒಂದಿಷ್ಟು ಎಂಜಲು, ಬೆವರು ತಾಗಿದರೂ ಸಾಕು. ಲೆಕ್ಕಕ್ಕೆ ಸಿಗದ ಸಂಖ್ಯೆ ಬಂದರೆ ಗ್ಲೌಸು, ಮಾಸ್ಕು ಹಾಕಿಕೊಂಡು ಹೊಸ ಸ್ಯಾಂಪಲ್ ತೆಗೆಯಲು ಹೇಳುತ್ತೇನೆ. ನಮ್ಮ ಕರಾವಳಿಯ ಸೆಕೆ ಗೊತ್ತಲ್ವಾ!

ನಾರ್ಮಲ್ ಬಂದರೆ ಮನೆಯವರು ಉಸಿರುಬಿಡುತ್ತಾರೆ. ನಾನು ಬಿಡುವುದಿಲ್ಲ. ಎಸ್‌ಸಿಸಿ ಪೂರ್ತಿ ನಾರ್ಮಲ್ ಇದ್ದು ಕತ್ತಿನ ಗಂಟುಗಳವರೆಗೆ ಹರಡಿದ್ದನ್ನು ನೋಡಿದ್ದೇನೆ.

ನಿಜ ಹೇಳಬೇಕೆಂದರೆ ಸಾದಾ ರಿಪೋರ್ಟನ್ನೇ ನಾನು ಹೆಚ್ಚು ಹೊತ್ತು ನೋಡುವುದು. ಲಿವರ್, ಎಲುಬು ಎರಡರಿಂದಲೂ ಬರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿದ್ದರೆ ಲಿವರ್ ಕಡೆಯ ಕಿಣ್ವವಾದ ಜಿಜಿಟಿ ನೋಡುತ್ತೇನೆ. ಅದೂ ಏರಿದ್ದರೆ ಲಿವರ್ ಕಡೆ ಸಂಶಯ, ಇಲ್ಲದಿದ್ದರೆ ಎಲುಬಿನ ಕಡೆ. ಕ್ಯಾಲ್ಸಿಯಂ ಏರಿದರೆ ಎಲುಬಿಗೇ ಹೋಗಿದೆ ಅಂತಲ್ಲ. ಸ್ಕ್ವಾಮಸ್ ಗಡ್ಡೆಯೇ ಕ್ಯಾಲ್ಸಿಯಂ ಏರಿಸುವ ಪ್ರೋಟೀನ್ ಬಿಡಬಲ್ಲದು. ಆದರೆ ರೋಗಿ ಮಂಕಾಗಿ ನಿದ್ದೆಗಣ್ಣಲ್ಲಿದ್ದರೆ ಸ್ಕ್ಯಾನ್‌ಗೆ ಕಾಯದೆ ಮೊದಲು ಆ ಕ್ಯಾಲ್ಸಿಯಂ ಇಳಿಸಲು ಮದ್ದು. ರಕ್ತದ ಮುಖ್ಯ ಪ್ರೋಟೀನ್ ಆದ ಆಲ್ಬುಮಿನ್ ಅಂತೂ ಡ್ರಿಪ್ ಹಾಕಿದ ಮೇಲೆ ಇನ್ನೊಮ್ಮೆ ನೋಡಬೇಕು. ನೀರೂ ಇಳಿಯದೆ ಒಣಗಿ ಬಂದವರಲ್ಲಿ ಅದು ಚೆನ್ನಾಗಿರುವಂತೆ ಕಾಣುತ್ತದೆ. ಮರುದಿನ ನಿಜವಾದ ಸಂಖ್ಯೆ ಹೊರಬರುತ್ತದೆ.

ಮಾರ್ಕರ್‌ಗಳು ನನಗೆ ನಿಜವಾಗಿ ಉಪಯೋಗಕ್ಕೆ ಬರುವುದು ಚಿಕಿತ್ಸೆ ಮುಗಿದ ಮೇಲೆ. ಮೊದಲು ಮೇಲಿದ್ದು, ಕೀಮೋ-ರೇಡಿಯೇಷನ್, ಆಪರೇಷನ್ ಆದ ಮೇಲೆ ಇಳಿದು, ಮತ್ತೆ ಏರತೊಡಗಿದರೆ ಸಿಟಿ ಸ್ಕ್ಯಾನ್‌ಗೆ ಬರೆಯುತ್ತೇನೆ, ನುಂಗಲು ಕಷ್ಟ ಆಗುವವರೆಗೆ ಕಾಯುವುದಿಲ್ಲ. ಒಂದೇ ಲ್ಯಾಬ್, ಒಂದೇ ವಿಧಾನ ಇರಬೇಕು ಅಷ್ಟೇ. ಮೊದಲನೆಯದು ಉಡುಪಿಯಲ್ಲಿ, ಎರಡನೆಯದು ಮಂಗಳೂರಿನಲ್ಲಿ ಮಾಡಿಸಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಲು ಆಗುವುದಿಲ್ಲ.