ಮಳೆಗಾಲದ ಸೌದೆ ಫೆಬ್ರವರಿಯಲ್ಲೇ ಮನೆ ಸೇರಲಿ

ಮಂಡ್ಯದ ಬಿಸಿಲಲ್ಲಿ ಬೆಳೆದವಳು ನಾನು. ಕೊಡಗಿನ ಮಾದಾಪುರದ ಹತ್ತಿರ ಮನೆ ತಗೊಳ್ಳುವಾಗ ಸೂರು ಸೋರುತ್ತಾ, ಬಾವಿಯಲ್ಲಿ ನೀರಿದೆಯಾ ಅಂತೆಲ್ಲ ನೋಡಿದೆವು. ಸೌದೆ ಎಲ್ಲಿಡೋದು ಅಂತ ಮಾತ್ರ ಯೋಚಿಸಲಿಲ್ಲ. ಗೀಸರ್ ಇದೆಯಲ್ಲ! ಆರಿದ್ರಾ ಮಳೆ ಹಿಡಿದ ಮೂರನೇ ದಿನ ಲೈನ್ ಮೇಲೆ ಮರ ಬಿತ್ತು. ಕರೆಂಟ್ ಬಂದಿದ್ದು ಐದು ದಿನದ ಮೇಲೆ.

ಗಡಿಬಿಡಿಯಲ್ಲಿ ಒಂದು ಪಿಕಪ್ ಸೌದೆ ತರಿಸಿದೆ. ಬಚ್ಚಲಿನ ಬಾಯ್ಲರ್‌ಗೆ ಬೆಂಕಿ ಹಾಕಿದರೆ ಸೌದೆ ತುದಿಯಲ್ಲಿ ನೊರೆ, ಸುಯ್ ಅನ್ನೋ ಸದ್ದು, ಕಣ್ಣು ಬಿಡೋಕಾಗದಷ್ಟು ಹೊಗೆ. ನೀರು ಮಾತ್ರ ಉಗುರುಬೆಚ್ಚಗೆ. ಪಕ್ಕದ ತೋಟದ ಅಜ್ಜ ಕೊಡೆ ಮಡಚುತ್ತಾ ಇಣುಕಿದರು. "ನೀನು ಹಂಡೆ ನೀರು ಕಾಯಿಸ್ತಿಲ್ಲ ಕಣವ್ವಾ, ಸೌದೆ ಒಳಗಿನ ನೀರು ಕಾಯಿಸ್ತಿದ್ದೀಯ" ಅಂದರು.

ಅಜ್ಜ ಹೇಳಿದ್ದು ಸರಿ. ಹಸಿ ಸೌದೆಯ ತೂಕದಲ್ಲಿ ಹತ್ತಿರಹತ್ತಿರ ಅರ್ಧ ನೀರೇ ಇರುತ್ತದೆ. ಆ ನೀರು ಆವಿಯಾಗಿ ಹೋಗೋಕೆ ಬೆಂಕಿಯ ಕಾವೆಲ್ಲ ಖರ್ಚು. ಚೆನ್ನಾಗಿ ಉರಿಯಬೇಕಾದರೆ ನೀರಿನಂಶ ಶೇಕಡಾ 20ಕ್ಕಿಂತ ಕೆಳಗೆ ಇಳಿಯಬೇಕು. ಹಾಗಾಗಿ ಹಸಿ ಸೌದೆಯನ್ನು ತೂಕದ ಲೆಕ್ಕದಲ್ಲಿ ಕೊಳ್ಳಬೇಡಿ. ದುಡ್ಡು ಕೊಟ್ಟು ನೀರು ತಂದಹಾಗೆ.

ಒಣಗಿದೆಯೋ ಇಲ್ಲವೋ ನೋಡೋದು ಹೀಗೆ. ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿಯಾಗಿದ್ದರೆ ದಬ್ ಅನ್ನುತ್ತದೆ. ಕೊಯ್ದ ಮುಖದಲ್ಲಿ ನಡುವಿನಿಂದ ಸೀಳು ಬಿಟ್ಟಿರಬೇಕು, ತೊಗಟೆ ಉಗುರಲ್ಲಿ ಎಬ್ಬಿಸಿದರೆ ಏಳಬೇಕು. ಲೋಡಿನ ಮೇಲಿನ ತುಂಡು ನೋಡಿ ಮರುಳಾಗಬೇಡಿ, ಅಡಿಯಿಂದ ಒಂದೆರಡು ಎಳೆಸಿ ನೋಡಿ. ನನಗೆ ಮೋಸ ಆಗಿದ್ದು ಅಲ್ಲೇ.

ಮರಗಳಲ್ಲಿ ನನ್ನ ಮೊದಲ ಆಯ್ಕೆ ಕಾಫಿ. ಹಳೇ ಗಿಡ ಕಿತ್ತಾಗ ಸಿಗುವ ಕಾಫಿ ಬೊಡ್ಡೆ ಗಟ್ಟಿ, ನಿಧಾನವಾಗಿ ಉರಿದು ಒಳ್ಳೆ ಕೆಂಡ ಕೊಡುತ್ತದೆ. ಸಿಲ್ವರ್ ಓಕ್ ಮರ ಬೇಗ ಹೊತ್ತಿಕೊಳ್ಳುತ್ತದೆ, ಬೇಗ ಮುಗಿಯುತ್ತದೆ. ತೋಟದಲ್ಲಿ ನೆರಳಿಗೆ ಬೆಳೆಸುವ ಹಾಲುವಾಣ ಮರ ಅಗ್ಗಕ್ಕೆ ಕೊಡ್ತೀನಿ ಅಂದರೂ ಬೇಡ. ಬರೀ ಮೆದು. ಇನ್ನು ನಿಮ್ಮದೇ ಜಾಗದ ಮರ ಅಂತ ಸುಮ್ನೆ ಗರಗಸ ಹಾಕಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ.

ಕಾಫಿ ಕೊಯ್ಲಿನ ಕೊನೆ, ಅಂದರೆ ಫೆಬ್ರವರಿಯ ಹೊತ್ತಿಗೆ ಸೌದೆ ತರಿಸಿ. ದಪ್ಪ ತುಂಡುಗಳನ್ನು ಆಗಲೇ ಸೀಳಿಸಿ. ಸೀಳದ ದಿಮ್ಮಿ ವರ್ಷವಾದರೂ ಒಳಗೆ ಹಸಿಯಾಗೇ ಇರುತ್ತದೆ. ಮಳೆಗೆ ಮುಂಚೆ ತೋಟಗಳಲ್ಲಿ ಮರ ಕಪಾತು (ಕೊಂಬೆ ಸವರೋದು) ಆಗುವಾಗ ಸೌದೆ ಸುಲಭಕ್ಕೆ ಸಿಗುತ್ತದೆ. ತಗೊಳ್ಳಿ, ಆದರೆ ಅದು ಮುಂದಿನ ವರ್ಷಕ್ಕೆ. ನಮ್ಮ ಮನೆಯಲ್ಲಿ ನಾಲ್ಕು ಜನ. ಮಳೆಗಾಲದಲ್ಲಿ ದಿನಕ್ಕೆ 7 ಕೆ.ಜಿ. ಒಣ ಸೌದೆ ಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು 850 ಕೆ.ಜಿ. ನಾನು ಒಂದು ಟನ್ ಇಟ್ಟುಕೊಳ್ಳುತ್ತೇನೆ.

ಒಟ್ಟುವಾಗ ಕೆಳಗೆ ಇಟ್ಟಿಗೆ ಕೊಡಿ, ಇಲ್ಲದಿದ್ದರೆ ಗೆದ್ದಲು. ಟಾರ್ಪಲ್ ಮೇಲೆ ಮಾತ್ರ ಹೊದಿಸಿ, ಪಕ್ಕ ಗಾಳಿ ಆಡಲಿ. ಪೂರ್ತಿ ಸುತ್ತಿದರೆ ಬೂಷ್ಟು ಹಿಡಿಯುತ್ತದೆ. ರಾತ್ರಿ ಟಾರ್ಚ್ ಇಲ್ಲದೆ ಸೌದೆ ರಾಶಿಗೆ ಕೈ ಹಾಕಲೇಬೇಡಿ. ಹಾವಿಗೂ ಚೇಳಿಗೂ ಅದು ಬೆಚ್ಚನೆ ಮನೆ.

ಬಾಯ್ಲರ್‌ನಲ್ಲಿ ನೀರಿದೆ ಅಂತ ನಲ್ಲಿ ತಿರುಗಿಸಿ ನೋಡಿಕೊಂಡೇ ಬೆಂಕಿ ಹಾಕಿ. ಖಾಲಿ ಕಾಸಿದರೆ ಬೆಸುಗೆ ಬಿಡುತ್ತದೆ. ಆವಿ ಹೋಗುವ ಕೊಳವೆಯನ್ನು ಯಾವತ್ತೂ ಮುಚ್ಚಬಾರದು. ಹಸಿ ಸೌದೆ ಉರಿಸಿದ ವರ್ಷ ನಮ್ಮ ಹೊಗೆ ಕೊಳವೆಯಲ್ಲಿ ಡಾಂಬರಿನಂಥ ಅಂಟು ಮಸಿ ಕಟ್ಟಿತ್ತು. ಅದಕ್ಕೆ ಬೆಂಕಿ ಹತ್ತಿಕೊಂಡರೆ ಸೂರಿಗೇ ಅಪಾಯ. ಈಗ ಮೇ ತಿಂಗಳಲ್ಲಿ ಕೊಳವೆ ಬಿಚ್ಚಿ ಕೆರೆಸುತ್ತೇವೆ.

ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳಲ್ಲ. ಚಳಿ ಅಂತ ಬಾಣಲೆಯಲ್ಲಿ ಕೆಂಡ ತುಂಬಿ ಮಲಗುವ ಕೋಣೆಗೆ ತರೋದು ಬೇಡವೇ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಇಲ್ಲ ಅಂದರೆ ಅಪಾಯ ಇಲ್ಲ ಅಂತಲ್ಲ. ಮಲಗಿದವರಿಗೆ ಎಚ್ಚರವೇ ಆಗಲ್ಲ. ಬೆಂಕಿ ಕಾಯಿಸೋದಿದ್ದರೆ ಒಲೆ ಮುಂದೆ ಕೂತು, ಕಿಟಕಿ ತೆಗೆದು ಕಾಯಿಸಿ.

ಜೂನ್‌ನಲ್ಲೇ ಮನೆಗೆ ಬಂದಿದ್ದೀರಾ, ಸೌದೆ ಇಲ್ವಾ? ಸಾಮಿಲ್‌ನಲ್ಲಿ ಒಳಗೆ ಪೇರಿಸಿಟ್ಟ ಒಣ ತುಂಡು ಕೇಳಿ, ಜೊತೆಗೆ ಒಂದು ಮೂಟೆ ತೆಂಗಿನ ಚಿಪ್ಪು. ಹೊತ್ತಿಸೋಕೆ ಎರಡು ಚಿಪ್ಪು ಸಾಕು. ಮಾರನೇ ದಿನದ ಸೌದೆಯನ್ನು ಹಿಂದಿನ ಸಂಜೆಯೇ ಬಾಯ್ಲರ್ ಪಕ್ಕ, ಕಿಡಿ ತಾಗದಷ್ಟು ದೂರದಲ್ಲಿ, ಗೋಡೆಗೆ ಒರಗಿಸಿ ನಿಲ್ಲಿಸಿ.