ಒಂದೇ ಸೀರೆ, ಇಬ್ಬರು ಗಿರಾಕಿ: ಉಬುಂಟು ಸರ್ವರ್‌ನಲ್ಲಿ ವೂಕಾಮರ್ಸ್ ಅಳವಡಿಸಿದ ಬಗೆ

ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುವ ಬಾಗಲಕೋಟೆಯ ಅಂಗಡಿಯೊಂದಕ್ಕೆ ಆನ್‌ಲೈನ್ ಮಳಿಗೆ ಕಟ್ಟಿದ್ದರ ವಿವರ ಇದು. ಸಾಫ್ಟ್‌ವೇರ್, ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ ಮೇಲೆ ಕೂರುವ ಮಾರಾಟದ ಪ್ಲಗಿನ್ ವೂಕಾಮರ್ಸ್; ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಉಬುಂಟು 24.04. ಇನ್‌ಸ್ಟಾಲ್ ಮಾಡುವುದು ಎಂದು ನಾವು ಕರೆಯುವ ಕೆಲಸ ಗಂಟೆಯೊಳಗೆ ಮುಗಿಯುತ್ತದೆ. ಕಷ್ಟ ಇರುವುದು ಆಮೇಲೆ. ಗಿರಣಿಯ ಟೀ-ಶರ್ಟ್ ಮಾರುವವರ ಬಳಿ ಒಂದೇ ಬಣ್ಣದ್ದು ಇನ್ನೂರು ಇರುತ್ತವೆ. ಕೈಮಗ್ಗದ ಅಂಗಡಿಯಲ್ಲಿ ಅದೇ ಒಡಲು, ಅದೇ ದಡಿ, ಅದೇ ಕಸೂತಿಯ ಸೀರೆ ಇರುವುದು ಒಂದೇ. ಅದನ್ನು ಇಬ್ಬರಿಗೆ ಮಾರಿದರೆ ಒಬ್ಬರಿಗೆ ರೊಕ್ಕ ವಾಪಸ್ ಮಾಡಿ, ಮದುವೆಗೆ ಆರಿಸಿಕೊಂಡ ಸೀರೆ ಇಲ್ಲ ಎಂದೂ ಹೇಳಬೇಕಾಗುತ್ತದೆ. ಆದ್ದರಿಂದ ‘ಸ್ಟಾಕ್ 1’ ಎಂಬ ಆ ಅಂಕಿಯನ್ನು ಕಾಯುವುದೇ ಇಡೀ ಸರ್ವರ್‌ನ ಕೆಲಸ ಎಂದಿಟ್ಟುಕೊಂಡು ಸೆಟ್ಟಿಂಗ್‌ಗಳನ್ನು ಆರಿಸಿದೆ.

ಅಂಗಡಿಯ ಮೂಲೆಯಲ್ಲೇ ಒಂದು ಕಂಪ್ಯೂಟರ್ ಇಟ್ಟು ಸರ್ವರ್ ಮಾಡುವ ಆಸೆ ಬೇಡ. ಕರೆಂಟ್ ಹೋಗುವುದು ಒಂದು ಕಾರಣ. ಇನ್ನೊಂದು, ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ಐಪಿ ಇರುತ್ತದೆ. ಹೊರಗಿನವರಿಗೆ ನಿಮ್ಮ ಯಂತ್ರ ಸಿಗುವುದೇ ಇಲ್ಲ. ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ 2 ಕೋರ್, 2 ಜಿಬಿ ರ‍್ಯಾಮ್, 40 ಜಿಬಿ ಎಸ್‌ಎಸ್‌ಡಿ ಇರುವ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ಸಾಕು. 1 ಜಿಬಿಯಲ್ಲಿ ಮುಖಪುಟ ಓಡುತ್ತದೆ, ಆದರೆ ಹಬ್ಬದ ವಾರದಲ್ಲಿ ಚೆಕ್‌ಔಟ್ ನಿಲ್ಲುತ್ತದೆ.

ಲಾಗಿನ್ ಆದ ಕೂಡಲೇ ಮಾಡಬೇಕಾದದ್ದು ಟಿಮಕ್ಸ್ ಎಂಬ ಟರ್ಮಿನಲ್ ಸಾಧನ ತೆರೆಯುವುದು. ಅಪ್‌ಗ್ರೇಡ್ ನಡೆಯುವಾಗ ಇಲ್ಲಿ ಕರೆಂಟ್ ಹೋಗಿ ರೌಟರ್ ಆರಿತೆಂದರೆ ದೂರದಿಂದ ಸರ್ವರ್‌ಗೆ ಹೋಗುವ ಎಸ್‌ಎಸ್‌ಎಚ್ ಸಂಪರ್ಕ ಕಡಿಯುತ್ತದೆ, ಪ್ಯಾಕೇಜ್ ಅರ್ಧಕ್ಕೆ ನಿಲ್ಲಬಹುದು. ಟಿಮಕ್ಸ್ ಒಳಗಿದ್ದರೆ ಕೆಲಸ ಅಲ್ಲೇ ಮುಂದುವರಿಯುತ್ತದೆ, ಮತ್ತೆ ಸೇರಿಕೊಂಡರಾಯಿತು. ಆಗಲೇ ಅರ್ಧಕ್ಕೆ ನಿಂತಿದ್ದರೆ ಲಾಕ್ ಫೈಲ್ ಅಳಿಸಲು ಹೋಗಬೇಡಿ; ಪ್ಯಾಕೇಜ್ ಜೋಡಿಸುವ ಡಿಪಿಕೆಜಿಗೆ ‘ಕಾನ್ಫಿಗರ್’ ಆಯ್ಕೆಯನ್ನು ‘ಎಲ್ಲವೂ’ ಎಂದು ಕೊಟ್ಟು ಉಳಿದದ್ದನ್ನು ಮುಗಿಸಿ. ಫೈರ್‌ವಾಲ್‌ನಲ್ಲಿ 22 (ಎಸ್‌ಎಸ್‌ಎಚ್), 80 (ಎಚ್‌ಟಿಟಿಪಿ), 443 (ಎಚ್‌ಟಿಟಿಪಿಎಸ್) ಪೋರ್ಟ್‌ಗಳನ್ನು ಮಾತ್ರ ತೆರೆಯಿರಿ. 22 ತೆರೆಯುವ ಮೊದಲೇ ಯುಎಫ್‌ಡಬ್ಲ್ಯೂ ಎಂಬ ಆ ಫೈರ್‌ವಾಲ್ ಚಾಲೂ ಮಾಡಿದರೆ ನೀವೇ ಹೊರಗೆ. ಎಸ್‌ಎಸ್‌ಎಚ್ ಅನ್ನು ಅಂಗಡಿಯ ಐಪಿಗೆ ಕಟ್ಟಿಹಾಕಲೂ ಬೇಡಿ, ಅದು ಬದಲಾಗುತ್ತಿರುತ್ತದೆ. ಪಾಸ್‌ವರ್ಡ್ ಲಾಗಿನ್ ಮುಚ್ಚಿ ಕೀ ಬಳಸಿ. ಸಮಯ ವಲಯವನ್ನು ಏಷ್ಯಾ/ಕೋಲ್ಕತ್ತ ಎಂದು ಸರ್ವರ್‌ನಲ್ಲೂ ವರ್ಡ್‌ಪ್ರೆಸ್‌ನಲ್ಲೂ ಇಡಿ. ಇಲ್ಲವಾದರೆ ನಸುಕಿನ 5.30ರೊಳಗಿನ ಆರ್ಡರ್‌ಗಳು ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತವೆ.

ರ‍್ಯಾಮ್ ಸಾಲದಾಗ ಬಳಕೆಯಾಗುವ 2 ಜಿಬಿಯ ಸ್ವಾಪ್ ಫೈಲ್ ಡಿಸ್ಕ್‌ನಲ್ಲಿ ಮಾಡಿ, ಅನುಮತಿ 600 (ಒಡೆಯ ಮಾತ್ರ ಓದಿ ಬರೆಯುವಂತೆ) ಕೊಟ್ಟು, ಬೂಟ್ ಆಗುವಾಗ ಓದುವ ಎಫ್‌ಸ್ಟ್ಯಾಬ್ ಫೈಲ್‌ನಲ್ಲಿ ಸಾಲು ಸೇರಿಸಿ. ಆ ಸಾಲು ಮರೆತರೆ ರೀಬೂಟ್ ಆದ ಮೇಲೆ ಸ್ವಾಪ್ ಇರುವುದಿಲ್ಲ.

ನಂತರ ವೆಬ್ ಸರ್ವರ್ ಎಂಜಿನ್‌ಎಕ್ಸ್, ಡೇಟಾಬೇಸ್ ಮಾರಿಯಾಡಿಬಿ, ವರ್ಡ್‌ಪ್ರೆಸ್ ಓಡಿಸುವ ಪಿಎಚ್‌ಪಿ 8.3ರ ಎಫ್‌ಪಿಎಂ. ಮೂರೂ ಉಬುಂಟುವಿನ ಸ್ವಂತ ಭಂಡಾರದಲ್ಲೇ ಸಿಗುತ್ತವೆ, ಹೊರಗಿನ ಭಂಡಾರ ಸೇರಿಸುವ ಅಗತ್ಯವಿಲ್ಲ. ಪಿಎಚ್‌ಪಿಯ ಜೊತೆಗೆ ಮೈಎಸ್‌ಕ್ಯೂಎಲ್, ಕರ್ಲ್, ಜಿಡಿ, ಎಂಬಿಸ್ಟ್ರಿಂಗ್, ಎಕ್ಸ್‌ಎಂಎಲ್, ಜಿಪ್, ಇಂಟ್ಲ್ ವಿಸ್ತರಣೆಗಳು ಬೇಕು. ಫೋಟೋ ಅಳತೆ ಬದಲಿಸುವ ಜಿಡಿ ಬಿಟ್ಟುಹೋಗಿ ಬದಲಿಗೆ ಇಮೇಜಿಕ್ ಕೂಡ ಇಲ್ಲದಿದ್ದರೆ ಫೋಟೋ ಏರುತ್ತದೆ, ಸಣ್ಣ ಅಳತೆಯ ಪ್ರತಿಗಳು ಮಾತ್ರ ಹುಟ್ಟುವುದಿಲ್ಲ. ಪಟ್ಟಿಯ ಪುಟದಲ್ಲಿ ಪ್ರತಿ ಸೀರೆಗೂ ಮೂಲ ಫೋಟೋವೇ ಇಳಿದು ಪುಟ ತೆವಳುತ್ತದೆ.

ಡೇಟಾಬೇಸ್ ರಚಿಸುವಾಗ ಅಕ್ಷರ ಸಂಕೇತ ಯುಟಿಎಫ್8ಎಂಬಿ4 ಇರಲಿ. ಕನ್ನಡದ ಅಕ್ಷರ ಸಂಕೇತಗಳಿಗೆ ತಲಾ 3 ಬೈಟ್ ಸಾಕು, ಹಾಗಾಗಿ ಹಳೆಯ ಮೂರು ಬೈಟಿನ ಯುಟಿಎಫ್8ನಲ್ಲೂ ಕನ್ನಡ ಸರಿಯಾಗಿಯೇ ಕಾಣಿಸುತ್ತದೆ, ನಮಗೆ ಅನುಮಾನ ಬರುವುದಿಲ್ಲ. ಗಿರಾಕಿಯೊಬ್ಬರು ವಿಳಾಸದ ಟಿಪ್ಪಣಿಯಲ್ಲಿ ಕೈಮುಗಿಯುವ ಇಮೋಜಿ ಹಾಕಿದಾಗ ಅದಕ್ಕೆ 4 ಬೈಟ್ ಬೇಕಾಗುತ್ತದೆ, ದಾಖಲೆ ಕೆಡುವುದು ಅಲ್ಲಿ.

ಕನ್ನಡದ್ದೇ ಇನ್ನೊಂದು ತೊಡಕಿದೆ. ಸೀರೆಯ ಹೆಸರು ಕನ್ನಡದಲ್ಲಿ ಬರೆದರೆ ವರ್ಡ್‌ಪ್ರೆಸ್ ಅದರಿಂದಲೇ ಪುಟದ ವಿಳಾಸ ಮಾಡುತ್ತದೆ. ಒಂದೊಂದು ಅಕ್ಷರ ಸಂಕೇತವೂ ಶೇಕಡಾ ಚಿಹ್ನೆಗಳ ರೂಪದಲ್ಲಿ 9 ಸ್ಥಾನ ತಿನ್ನುತ್ತದೆ; ಸ್ವರಚಿಹ್ನೆ, ಹಲಂತ ಎಲ್ಲಕ್ಕೂ ಬೇರೆ ಬೇರೆ 9. ವಿಳಾಸ ಕೂರುವ ಡೇಟಾಬೇಸ್ ಕಾಲಂನ ಮಿತಿ 200. ‘ಇಳಕಲ್ ರೇಷ್ಮೆ ಸೀರೆ ಗೋಮಿ ದಡಿ’ ಎಂಬಷ್ಟಕ್ಕೇ 202 ಆಗುತ್ತದೆ, ಬಾಲ ಕತ್ತರಿಸಿ ಹೋಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಅರ್ಧ ಪರದೆ ತುಂಬುವ ಕೊಂಡಿ ಬೇರೆ. ಹೆಸರು ಕನ್ನಡದಲ್ಲೇ ಇರಲಿ, ಅದನ್ನು ಬಿಟ್ಟುಕೊಡಬೇಕಿಲ್ಲ. ವಿಳಾಸದ ಜಾಗದಲ್ಲಿ ಮಾತ್ರ ಸೀರೆಯ ಚೀಟಿಯ ಸಂಖ್ಯೆಯನ್ನು ರೋಮನ್ ಅಕ್ಷರ ಮತ್ತು ಅಂಕಿಯಲ್ಲಿ ಕೈಯಾರೆ ಹಾಕಿ.

ನೆನಪಿನ (ರ‍್ಯಾಮ್) ಲೆಕ್ಕ ಹೀಗೆ. 2 ಜಿಬಿಯಲ್ಲಿ ಆಪರೇಟಿಂಗ್ ಸಿಸ್ಟಮ್‌ಗೆ 300 ಎಂಬಿ, ಮಾರಿಯಾಡಿಬಿಗೆ 450, ಕೈಯಲ್ಲಿ ಉಳಿಸಿಕೊಳ್ಳಲು 300. ಉಳಿಯುವುದು ಸುಮಾರು 1000. ಒಂದು ಪಿಎಚ್‌ಪಿ ಪ್ರಕ್ರಿಯೆ 80 ಎಂಬಿ ಹಿಡಿದರೆ 12 ಪ್ರಕ್ರಿಯೆ. ಉಬುಂಟುವಿನಲ್ಲಿ ಮೊದಲೇ ಇರುವ ಮಿತಿ 5. ಅದನ್ನು 12ಕ್ಕೆ ಏರಿಸಿದೆ. ಪುಟ ತೆರೆಯಲು ತಡವಾದಾಗ ಇದನ್ನು 40, 50 ಮಾಡಿಬಿಡುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ, ಅದನ್ನು ಕೇಳಬೇಡಿ. ನೆನಪು ಮುಗಿದಾಗ ಕರ್ನಲ್ ಸಾಮಾನ್ಯವಾಗಿ ಹೆಚ್ಚು ನೆನಪು ಹಿಡಿದ ಪ್ರಕ್ರಿಯೆಯನ್ನು ಕೊಲ್ಲುತ್ತದೆ, ಅದು ಬಹುತೇಕ ಮಾರಿಯಾಡಿಬಿಯೇ. ಪರದೆಯಲ್ಲಿ ಕಾಣುವುದು ಡೇಟಾಬೇಸ್ ಸಂಪರ್ಕ ಸಿಗಲಿಲ್ಲ ಎಂಬ ಸಾಲು. ಪಾಸ್‌ವರ್ಡ್ ತಪ್ಪಿದೆಯೇನೋ ಎಂದು ಹುಡುಕುತ್ತಾ ಕೂರುತ್ತೀರಿ. ಮೊದಲು ಕರ್ನಲ್ ಲಾಗ್ ನೋಡಿ. ಮಾರಿಯಾಡಿಬಿ ಡೇಟಾ ಇಟ್ಟುಕೊಳ್ಳುವ ನೆನಪಿನ ಭಾಗ, ಇನ್ನೊಡಿಬಿ ಬಫರ್ ಪೂಲ್, ಮೊದಲಿಗೆ 128 ಎಂಬಿ ಇರುತ್ತದೆ, 256 ಮಾಡಿ.

ವರ್ಡ್‌ಪ್ರೆಸ್ ಇಳಿಸಲು ಡಬ್ಲ್ಯೂಪಿ-ಸಿಎಲ್‌ಐ ಎಂಬ ಕಮಾಂಡ್ ಸಾಧನ ಬಳಸಿ, ಅದೂ ರೂಟ್ (ಸರ್ವರ್‌ನ ಪೂರ್ಣ ಅಧಿಕಾರದ ಬಳಕೆದಾರ) ಆಗಿ ಅಲ್ಲ. ರೂಟ್ ಆಗಿ ಇಳಿಸಿದ ಫೈಲ್‌ಗಳ ಒಡೆತನ ರೂಟ್‌ಗೇ ಹೋಗಿ, ಆಮೇಲೆ ಫೋಟೋ ಏರಿಸಿದರೆ ಅನುಮತಿ ಇಲ್ಲ ಎನ್ನುತ್ತದೆ. ಆಗ ಕೆಲವರು ಎಲ್ಲಕ್ಕೂ 777, ಅಂದರೆ ಯಾರು ಬೇಕಾದರೂ ಬರೆಯುವ ಅನುಮತಿ, ಕೊಡುತ್ತಾರೆ. ಅದು ಬೀಗ ಹಾಕದೆ ಅಂಗಡಿ ಬಿಟ್ಟು ಹೋದ ಹಾಗೆ. ಫೋಲ್ಡರ್‌ಗೆ 755, ಫೈಲ್‌ಗೆ 644, ಸಂರಚನೆಯ ಫೈಲ್‌ಗೆ 640, ಒಡೆಯ ವೆಬ್ ಸರ್ವರ್‌ನ ಬಳಕೆದಾರ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ. ಎಂಜಿನ್‌ಎಕ್ಸ್‌ನಲ್ಲಿ ಸಿಗದ ವಿಳಾಸಗಳನ್ನು ಇಂಡೆಕ್ಸ್ ಡಾಟ್ ಪಿಎಚ್‌ಪಿಗೆ ಕಳಿಸುವ ಟ್ರೈ-ಫೈಲ್ಸ್ ಸಾಲು ಬೇಕೇ ಬೇಕು. ಅದಿಲ್ಲದಿದ್ದರೆ ಮುಖಪುಟ ತೆರೆಯುತ್ತದೆ, ಸೀರೆಯ ಪುಟಗಳೆಲ್ಲ 404 (ಪುಟ ಸಿಗಲಿಲ್ಲ). ಫೋಟೋ ಏರಿಸುವಾಗ 413 ಬಂದರೆ ಎಂಜಿನ್‌ಎಕ್ಸ್‌ನ 1 ಎಂಬಿ ಮಿತಿ ಅಡ್ಡ ಬಂದಿದೆ. ಅದು ದಾಟಿದರೂ ಪಿಎಚ್‌ಪಿಯ 2 ಎಂಬಿ ಮಿತಿ ಕಾದಿರುತ್ತದೆ. ಎರಡೂ ಕಡೆ 16 ಮಾಡಿ, ಪಿಎಚ್‌ಪಿಯ ಪೋಸ್ಟ್ ಮಿತಿ 8 ಇರುತ್ತದೆ, ಅದನ್ನೂ ಜೊತೆಗೆ ಏರಿಸಿ. ಒಂದು ಫೋಟೋಗೆ ಎಂಟು ಹತ್ತು ಅಳತೆಯ ಪ್ರತಿಗಳು ಹುಟ್ಟುತ್ತವೆ. ಸೆರಗು, ದಡಿ, ಒಡಲು, ಕಸೂತಿ ಎಂದು ಸೀರೆಗೆ ನಾಲ್ಕು ಫೋಟೋ ಹಾಕಿದರೆ ಡಿಸ್ಕ್‌ನಲ್ಲಿ ಮೂವತ್ತು ನಲವತ್ತು ಫೈಲ್. 40 ಜಿಬಿ ಕೇಳಿದ್ದು ಇದಕ್ಕೇ.

ಎಚ್‌ಟಿಟಿಪಿಎಸ್‌ಗೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರವನ್ನು ಸರ್ಟ್‌ಬಾಟ್ ಸಾಧನದಿಂದ ತೆಗೆದುಕೊಳ್ಳಿ. 90 ದಿನದ್ದು, ತಾನಾಗಿ ನವೀಕರಣವಾಗುತ್ತದೆ. ‘ಈಗ ಎಚ್‌ಟಿಟಿಪಿಎಸ್ ಇದೆಯಲ್ಲ’ ಎಂದು 80 ಮುಚ್ಚಿದರೆ ಆ ನವೀಕರಣ ನಿಲ್ಲುತ್ತದೆ.

ಇನ್ನು ಅಂಗಡಿಯ ಒಳಗಿನ ಕೆಲಸ. ಸೀರೆಯನ್ನು ಬಣ್ಣ, ದಡಿಗಳ ಆಯ್ಕೆಯಿರುವ ವೇರಿಯೆಬಲ್ ಪ್ರಾಡಕ್ಟ್ ಮಾಡಬೇಡಿ. ಪ್ರತಿ ಸೀರೆಯೂ ಒಂದು ಸಿಂಪಲ್ ಪ್ರಾಡಕ್ಟ್, ಸ್ಟಾಕ್ 1, ಬ್ಯಾಕ್‌ಆರ್ಡರ್ (ಸ್ಟಾಕ್ ಮುಗಿದ ಮೇಲೂ ಆರ್ಡರ್) ಇಲ್ಲ, ‘ಒಂದೇ ಮಾರಾಟ’ ಗುರುತು. ದಡಿ, ಉದ್ದ 6 ಗಜವೋ 9 ಗಜವೋ, ನೂಲು ಹತ್ತಿಯೋ ರೇಷ್ಮೆಯೋ ಎಂಬುದನ್ನು ಆಟ್ರಿಬ್ಯೂಟ್ ಮಾಡಿ ಸೋಸುವ ಪಟ್ಟಿಗೆ ಬಳಸಿ. ಎಸ್‌ಕೆಯು (ಸರಕಿನ ಗುರುತಿನ) ಸಂಖ್ಯೆಯ ಚೀಟಿಯನ್ನು ಸೀರೆಗೇ ದಾರದಲ್ಲಿ ಕಟ್ಟಬೇಕು. ಗಾದಿಯ ಮೇಲೆ ಕೂತ ಗಿರಾಕಿ ಅದೇ ಸೀರೆ ಕೊಂಡರೆ, ಬಿಲ್ ಬರೆಯುವ ಮೊದಲು ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆಯ ಸ್ಟಾಕ್ 0 ಮಾಡಬೇಕು. ಈ ಒಂದು ಅಭ್ಯಾಸ ಯಾವ ಸಾಫ್ಟ್‌ವೇರಿಗಿಂತ ಹೆಚ್ಚು ಕಾಪಾಡುತ್ತದೆ.

ಜಿಎಸ್‌ಟಿ: ಸೀರೆಗೆ 5%. ಕರ್ನಾಟಕದೊಳಗೆ ಸಿಜಿಎಸ್‌ಟಿ (ಕೇಂದ್ರದ ಪಾಲು) 2.5, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 2.5, ಮಹಾರಾಷ್ಟ್ರದ ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರದ ಗಿರಾಕಿಗೆ ಐಜಿಎಸ್‌ಟಿ (ಅಂತರರಾಜ್ಯ ಮಾರಾಟದ್ದು) 5. ವೂಕಾಮರ್ಸ್ ಒಂದು ಪ್ರಾಶಸ್ತ್ಯಕ್ಕೆ (ಪ್ರಯಾರಿಟಿ) ಒಂದೇ ದರ ಆರಿಸುತ್ತದೆ, ರಾಜ್ಯ ಹೆಸರಿಸಿದ ದರಕ್ಕೆ ಮೊದಲ ಮಣೆ. ಆದ್ದರಿಂದ ಕರ್ನಾಟಕದ ಸಿಜಿಎಸ್‌ಟಿಗೆ ಪ್ರಾಶಸ್ತ್ಯ 1, ಎಸ್‌ಜಿಎಸ್‌ಟಿಗೆ 2, ರಾಜ್ಯ ಖಾಲಿ ಬಿಟ್ಟ ಐಜಿಎಸ್‌ಟಿಗೆ ಮತ್ತೆ 1. ಐಜಿಎಸ್‌ಟಿಗೆ 3 ಕೊಟ್ಟರೆ ಬಾಗಲಕೋಟೆಯ ಗಿರಾಕಿಗೆ ಮೂರೂ ಬಿದ್ದು 10% ಆಗುತ್ತದೆ. ಕಾಂಪೌಂಡ್ (ತೆರಿಗೆಯ ಮೇಲೆ ತೆರಿಗೆ) ಗುರುತು ಹಾಕಬೇಡಿ.

ಸ್ಟಾಕ್ 1 ಕಾಯುವ ಮೂರು ಜಾಗಗಳಿಗೆ ಬರುತ್ತೇನೆ. ಮೊದಲನೆಯದು ಹೋಲ್ಡ್ ಸ್ಟಾಕ್. ಬುಟ್ಟಿಗೆ ಹಾಕಿದ ಮಾತ್ರಕ್ಕೆ ಸೀರೆ ಕಾಯ್ದಿರಿಸಲಾಗುವುದಿಲ್ಲ. ಚೆಕ್‌ಔಟ್‌ನಲ್ಲಿ ಆರ್ಡರ್ ಹುಟ್ಟಿದಾಗ ಆಗುತ್ತದೆ. ಪಾವತಿಯಾಗದ ಆರ್ಡರ್ ಎಷ್ಟು ನಿಮಿಷ ಸೀರೆ ಹಿಡಿದಿರಬೇಕು ಎಂಬ ಅಂಕಿ ಮೊದಲಿಗೆ 60. ಒಂದೇ ಸೀರೆಗೆ ಒಂದು ಗಂಟೆ ಹೆಚ್ಚಾಯಿತು. 5 ಮಾಡಿದರೆ, ಬ್ಯಾಂಕಿನ ಉತ್ತರ ತಡವಾಗಿ ಬರುವಷ್ಟರಲ್ಲಿ ಆರ್ಡರ್ ರದ್ದಾಗಿರುತ್ತದೆ, ರೊಕ್ಕ ಬಂದಿರುತ್ತದೆ. 20 ಇಟ್ಟಿದ್ದೇನೆ. ಖಾಲಿ ಬಿಟ್ಟರೆ ಪಾವತಿಯಾಗದ ಆರ್ಡರ್ ತಾನಾಗಿ ರದ್ದಾಗುವುದೇ ಇಲ್ಲ.

ಎರಡನೆಯದು ಕ್ರಾನ್, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ. ಆ ರದ್ದತಿ ನಡೆಸುವುದು ವರ್ಡ್‌ಪ್ರೆಸ್‌ನ ಕ್ರಾನ್, ಅದು ಯಾರಾದರೂ ಪುಟ ತೆರೆದಾಗ ಮಾತ್ರ ಏಳುತ್ತದೆ. ಪುಟಗಳು ಕ್ಯಾಶ್‌ನಿಂದ (ಮೊದಲೇ ಕಟ್ಟಿಟ್ಟ ಪ್ರತಿಯಿಂದ) ಹೋಗುತ್ತಿದ್ದರೆ ಪಿಎಚ್‌ಪಿಗೆ ಸುದ್ದಿಯೇ ಮುಟ್ಟುವುದಿಲ್ಲ. ವರ್ಡ್‌ಪ್ರೆಸ್‌ನ ಆ ಕ್ರಾನ್ ಅನ್ನು ಸಂರಚನೆಯಲ್ಲಿ ನಿಲ್ಲಿಸಿ, ಸರ್ವರ್‌ನ ಕ್ರಾನ್‌ಟ್ಯಾಬ್‌ನಿಂದ 5 ನಿಮಿಷಕ್ಕೊಮ್ಮೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಬಳಕೆದಾರನ ಹೆಸರಲ್ಲಿ ಓಡಿಸಿ. ಕ್ಯಾಶ್ ಅನ್ನು ಮುಖಪುಟ, ಸಂಪರ್ಕ ಪುಟಗಳಿಗೆ ಮಾತ್ರ ಇಟ್ಟೆ. ಬುಟ್ಟಿ, ಚೆಕ್‌ಔಟ್, ನನ್ನ ಖಾತೆ ಪುಟಗಳು ಕ್ಯಾಶ್ ಆದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣಿಸಬಹುದು. ಸೀರೆಯ ಪುಟ ಕ್ಯಾಶ್ ಆದರೆ ಮಾರಿಹೋದದ್ದೂ ‘ಲಭ್ಯ’ ಎಂದೇ ತೋರುತ್ತದೆ.

ಮೂರನೆಯದು ವೆಬ್‌ಹುಕ್. ಫೋನಿನಲ್ಲಿ ಯುಪಿಐ ಪಾವತಿ ಮಾಡಿದವರು ಮತ್ತೆ ಬ್ರೌಸರ್‌ಗೆ ಮರಳುತ್ತಾರೆ ಎನ್ನುವಂತಿಲ್ಲ. ರೊಕ್ಕ ಬಂದ ಸುದ್ದಿಯನ್ನು ಪೇಮೆಂಟ್ ಗೇಟ್‌ವೇ ನೇರವಾಗಿ ಸರ್ವರ್‌ಗೆ ಹೇಳಬೇಕು. ಗೇಟ್‌ವೇಯ ಡ್ಯಾಶ್‌ಬೋರ್ಡ್‌ನಲ್ಲಿ ವೆಬ್‌ಹುಕ್ ವಿಳಾಸ ಎಚ್‌ಟಿಟಿಪಿಎಸ್‌ನದ್ದಿರಲಿ, ಗುಪ್ತಪದ ಎರಡೂ ಕಡೆ ಒಂದೇ ಇರಲಿ. ಭದ್ರತೆಯ ಪ್ಲಗಿನ್ ಆ ವಿಳಾಸಕ್ಕೆ ತಡೆ ಹಾಕಿದೆಯೇ ಎಂದು ಎಂಜಿನ್‌ಎಕ್ಸ್ ಲಾಗ್‌ನಲ್ಲಿ ನೋಡಿ. 403 (ಪ್ರವೇಶವಿಲ್ಲ) ಕಂಡರೆ ಅದೇ.

ಆರ್ಡರ್ ಇಮೇಲ್‌ಗಳನ್ನು ಸರ್ವರ್‌ನಿಂದಲೇ ಕಳಿಸಬೇಡಿ. ಅನೇಕ ವಿಪಿಎಸ್‌ಗಳಲ್ಲಿ ಪೋರ್ಟ್ 25 ಮುಚ್ಚಿರುತ್ತದೆ. ಪೋರ್ಟ್ 587ರಲ್ಲಿ ಇಮೇಲ್ ಕಳಿಸುವ ಎಸ್‌ಎಂಟಿಪಿ ಸೇವೆ ಜೋಡಿಸಿ, ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್, ಡಿಕೆಐಎಂ (ಇಮೇಲ್ ನಿಮ್ಮದೇ ಎಂದು ತೋರಿಸುವ ದಾಖಲೆಗಳು) ಸೇರಿಸಿ. ರಾತ್ರಿ ಡೇಟಾಬೇಸ್ ಡಂಪ್‌ಗೆ ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆ ಹಾಕಿ, ಫೋಟೋಗಳ ಜೊತೆ ಬೇರೆ ಜಾಗಕ್ಕೆ ಕಳಿಸಿ. ಅದೇ ಸರ್ವರ್‌ನಲ್ಲಿ ಬಿದ್ದಿರುವ ಪ್ರತಿಯನ್ನು ಬ್ಯಾಕಪ್ ಎನ್ನಲಾಗದು.

ಮಳಿಗೆ ತೆರೆಯುವ ಮುನ್ನ ಎರಡು ಫೋನ್ ಹಿಡಿದು ಕೂರಿ. 1 ರೂಪಾಯಿಯ, ಸ್ಟಾಕ್ 1ರ ಪ್ರಾಡಕ್ಟ್ ಮಾಡಿ ಎರಡರಲ್ಲೂ ಬುಟ್ಟಿಗೆ ಹಾಕಿ. ಮೊದಲ ಫೋನಿನಲ್ಲಿ ಪಾವತಿ ಪುಟದವರೆಗೆ ಹೋಗಿ ನಿಲ್ಲಿ. ಎರಡನೆಯದರಲ್ಲಿ ಆರ್ಡರ್ ಮಾಡಲು ನೋಡಿದರೆ ಸ್ಟಾಕ್ ಇಲ್ಲ ಎನ್ನಬೇಕು. ಮೊದಲನೆಯದರಲ್ಲಿ ರೊಕ್ಕ ಕಟ್ಟದೆ ಒಂದು ಗಂಟೆ ಬಿಡಿ. ಆರ್ಡರ್ ರದ್ದಾಗದಿದ್ದರೆ ಕ್ರಾನ್ ನೋಡಿ. ಮತ್ತೆ ಆರ್ಡರ್ ಮಾಡಿ, ಈ ಸಲ ಯುಪಿಐನಲ್ಲಿ ಕಟ್ಟಿದ ಕ್ಷಣವೇ ಬ್ರೌಸರ್ ಮುಚ್ಚಿಬಿಡಿ. ಕೆಲವೇ ನಿಮಿಷದಲ್ಲಿ ಆರ್ಡರ್ ‘ಪ್ರೊಸೆಸಿಂಗ್’ ಆಗಿ ಸ್ಟಾಕ್ 0 ತೋರಬೇಕು. ತೋರದಿದ್ದರೆ ವೆಬ್‌ಹುಕ್ ಸರಿಹೋಗುವ ತನಕ ಮಳಿಗೆಯ ಕೊಂಡಿಯನ್ನು ಯಾರಿಗೂ ಕಳಿಸಬೇಡಿ.