ಕೇರ್ ಹೋಮ್ ಬಿಲ್ಲಿನಲ್ಲಿ ಎಫ್‌ಎನ್‌ಸಿ: ನಾನು ಲೆಕ್ಕ ನೋಡುವ ರೀತಿ

ಇಂಗ್ಲೆಂಡಿನಲ್ಲಿ ಅಪ್ಪ–ಅಮ್ಮನನ್ನು ನರ್ಸ್ ಇರುವ ಕೇರ್ ಹೋಮಿಗೆ ಸೇರಿಸುವವರು ಲೆಕ್ಕ ತೋರಿಸಲು ಬಂದರೆ ನಾನು ಮೊದಲು ಕೇಳುವುದು ಇದನ್ನೇ: ಹೋಮಿನವರು ಹೇಳಿದ ವಾರದ ದರದಲ್ಲಿ ಎಫ್‌ಎನ್‌ಸಿ (ಫಂಡೆಡ್ ನರ್ಸಿಂಗ್ ಕೇರ್) ಸೇರಿದೆಯೋ, ಅದರ ಮೇಲೆ ಬೇರೆಯಾಗಿ ಬರುತ್ತದೋ?

ನೋಂದಾಯಿತ ನರ್ಸ್‌ಗಳ ಶುಶ್ರೂಷೆಗೆಂದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕೊಡುವ ನಿಗದಿತ ಮೊತ್ತ ಎಫ್‌ಎನ್‌ಸಿ. 2025–26ರ ಸಾಮಾನ್ಯ ದರ ವಾರಕ್ಕೆ 254.06 ಪೌಂಡ್. ಇದಕ್ಕೆ ಆಸ್ತಿ, ಉಳಿತಾಯ ಯಾವುದನ್ನೂ ನೋಡುವುದಿಲ್ಲ. ಆದರೆ ದುಡ್ಡು ನೇರವಾಗಿ ಹೋಮಿನ ಖಾತೆಗೆ ಹೋಗುತ್ತದೆ. ಗೊಂದಲ ಶುರುವಾಗುವುದೇ ಅಲ್ಲಿ.

ಹೇಳಿದ ದರ 1,500 ಪೌಂಡ್ ಎಂದಿಟ್ಟುಕೊಳ್ಳಿ. ಎಫ್‌ಎನ್‌ಸಿ ಅದರೊಳಗೇ ಇದ್ದರೆ ಮನೆಯವರು ಕಟ್ಟುವುದು 1,245.94. ಹೊರಗಿದ್ದರೆ ಪೂರಾ 1,500 ಕಟ್ಟಬೇಕು. ಹೋಮಿಗೆ ಸಿಗುವುದು 1,754.06. ವರ್ಷಕ್ಕೆ 13,000 ಪೌಂಡ್ ದಾಟುವ ವ್ಯತ್ಯಾಸ! ಎರಡೂ ಪದ್ಧತಿ ಚಾಲ್ತಿಯಲ್ಲಿವೆ. ಬಾಯಿಮಾತು ನಂಬದೆ ಕರಾರಿನ ಆ ಸಾಲನ್ನು ಓದಿಯೇ ಸಹಿ ಹಾಕಿಸುತ್ತೇನೆ.

ಅದೇ ಸಾಲಿನ ಕೆಳಗೆ, ಎಫ್‌ಎನ್‌ಸಿ ಏರಿದರೆ ಏನು ಎಂಬುದೂ ಬರೆದಿರಬೇಕು. 2016ರಲ್ಲಿ ವಾರಕ್ಕೆ 112 ಇದ್ದದ್ದು 156.25 ಆಯಿತು, ಅದೂ ಏಪ್ರಿಲ್‌ನಿಂದ ಪೂರ್ವಾನ್ವಯವಾಗಿ. ಎಫ್‌ಎನ್‌ಸಿ ಸೇರಿದ ಒಟ್ಟು ದರಕ್ಕೆ ಕರಾರು ಮಾಡಿಕೊಂಡವರಿಗೆ ಅಷ್ಟು ಕಡಿಮೆಯಾಗಬೇಕು. ಎಫ್‌ಎನ್‌ಸಿ ಬಿಟ್ಟ ದರಕ್ಕೆ ಒಪ್ಪಿಕೊಂಡವರಿಗೆ ಒಂದು ಪೆನ್ನಿಯೂ ಇಳಿಯದು.

ಮಂಜೂರಾತಿ ಬರುವವರೆಗೆ ಹೋಮಿನವರು ಪೂರ್ತಿ ದರದ ಬಿಲ್ ಕಳಿಸುತ್ತಾರೆ. ಆಮೇಲೆ ಎನ್‌ಎಚ್‌ಎಸ್ ಹಿಂದಿನ ವಾರಗಳ ಬಾಕಿಯನ್ನು ಅವರಿಗೆ ಕೊಡುತ್ತದೆ. ಅದು ನಮ್ಮ ಖಾತೆಗೆ ಜಮೆಯಾಗದೆ ಉಳಿಯುವುದು ತೀರಾ ಮಾಮೂಲು. ಮಂಜೂರಾತಿ ಪತ್ರದಲ್ಲಿನ ಆರಂಭದ ದಿನಾಂಕವನ್ನು ಬಿಲ್ ಪಕ್ಕದಲ್ಲಿಟ್ಟು ವಾರ ಎಣಿಸಿದರೆ ಸಿಕ್ಕಿಬೀಳುತ್ತದೆ.

ಎಫ್‌ಎನ್‌ಸಿಗೂ ಮುಂಚೆ ಸಿಎಚ್‌ಸಿ (ಕಂಟಿನ್ಯೂಯಿಂಗ್ ಹೆಲ್ತ್‌ಕೇರ್ ಎಂಬ ಎನ್‌ಎಚ್‌ಎಸ್ ನೆರವು) ಚೆಕ್‌ಲಿಸ್ಟ್, ಅಂದರೆ ಅದರ ಮೊದಲ ಹಂತದ ಪರಿಶೀಲನೆ, ಆಗಿದೆಯೇ ಎಂದು ಕೇಳಲೇಬೇಕು. ಸಿಎಚ್‌ಸಿ ಸಿಕ್ಕರೆ ವಾಸ, ಊಟ ಸೇರಿ ಹೋಮಿನ ಪೂರ್ತಿ ಖರ್ಚು ಎನ್‌ಎಚ್‌ಎಸ್‌ನದೇ. ಸಿಗುವುದು ಕಷ್ಟ, ನಿಜ. ಹಾಗೆಂದು ಕೇಳದೆ ಬಿಡುವುದು ದಡ್ಡತನ.

ಆಸ್ತಿ 23,250 ಪೌಂಡ್‌ಗಿಂತ ಕಡಿಮೆಯಿದ್ದು ಕೌನ್ಸಿಲ್ (ಸ್ಥಳೀಯ ಆಡಳಿತ) ನೆರವು ಪಡೆಯುವವರು ತಾವು ಕಟ್ಟಬೇಕಾದ ಪಾಲಿನ ಹಣ ಎಫ್‌ಎನ್‌ಸಿಯಿಂದ ಇಳಿಯುವುದಿಲ್ಲ. ಸ್ವಂತ ದುಡ್ಡಲ್ಲಿ ಕಟ್ಟುವವರು ಅಟೆಂಡೆನ್ಸ್ ಅಲೋವೆನ್ಸನ್ನೂ (ಆರೈಕೆ ಬೇಕಾದ ಹಿರಿಯರಿಗೆ ಸರ್ಕಾರ ಕೊಡುವ ಭತ್ಯೆ) ಜೊತೆಗೇ ಪಡೆಯಬಹುದು. ಒಂದಕ್ಕೆ ಇನ್ನೊಂದು ಅಡ್ಡಿಯಲ್ಲ.

ಆಸ್ಪತ್ರೆಗೆ ಸೇರಿದ ದಿನಗಳಲ್ಲಿ ಎಫ್‌ಎನ್‌ಸಿ ನಿಂತರೆ ಆ ಕೊರತೆಯನ್ನು ಯಾರು ತುಂಬಬೇಕು ಎಂಬುದನ್ನೂ ಕರಾರಿನಲ್ಲಿ ಹುಡುಕಿ. ಇಲ್ಲದಿದ್ದರೆ ಬರೆಸಿಕೊಳ್ಳಿ.